ಕೈ ಎತ್ತಿಸಿ ನೋಡುವವಳು

ನಮ್ಮಕ್ಕ ನಲವತ್ತು ವರ್ಷ ಬಟ್ಟೆ ಹೊಲಿದವಳು. ಮೆಟ್ಟಿಲ ಕೆಳಗಿನ ಅವಳ ಅಂಗಡಿಗೆ ಎಂಥ ದೊಡ್ಡ ಮನುಷ್ಯ ಬಂದರೂ ಮೊದಲು ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ಹೊಲಿಗೆಯ ಬಂಡವಾಳ ಬಯಲಾಗುವುದು ಕಂಕುಳಲ್ಲೇ ಅನ್ನುತ್ತಿದ್ದಳು. ಹೋದ ವರ್ಷ ಹತ್ತಿರದ ನೋಟ ಮಂಜಾಯಿತು. ಕನ್ನಡಕ ಬದಲಿಸಿದರೂ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ನಾನಿನ್ನು ಟೈಲರ್ ಅಲ್ಲ ಎಂದವಳೇ ಬೋರ್ಡು ಇಳಿಸಿ ಮಂಚದ ಕೆಳಗೆ ತಳ್ಳಿದಳು. ಸಮಾಧಾನ ಹೇಳಬೇಕೆಂದಿದ್ದೆ, ಆದರೆ ಬಾಯಿಗೆ ಬಂದದ್ದು ಬೈಗುಳವೇ. ಮುಖ ಊದಿಸಿಕೊಂಡು ಕೂರಬೇಡ ಎಂದು ನನ್ನ ಕೆಲಸದ ಜಾಗಕ್ಕೆ ಎಳೆದುಕೊಂಡು ಹೋದೆ.

ನಾನು ಹೊಳೆ ಕಡಲು ಸೇರುವ ಅಳಿವೆಯ ಕಾವಲುಗಾರ. ಚಳಿಗಾಲದ ಹಕ್ಕಿಗಳನ್ನು ಎಣಿಸಿ ಕಚೇರಿಗೆ ತಿಳಿಸುವುದೂ ನನ್ನ ತಲೆಗೇ. ಅವುಗಳಲ್ಲಿ ಬೂದು ಪ್ಲವರ್, ಹೊಂಬಣ್ಣದ ಪ್ಲವರ್ ಎಂಬೆರಡು ನನ್ನ ಪ್ರಾಣ ಹಿಂಡಿದ್ದವು. ಹೆಸರು ಕೇಳಿ ಮೋಸ ಹೋಗಬೇಡಿ. ಚಳಿಗಾಲದಲ್ಲಿ ಎರಡೂ ಚುಕ್ಕಿ ಚುಕ್ಕಿ ಕೆಸರು ಬಣ್ಣ. ಬೂದಿನದು ಮೈ ಒಂಚೂರು ದೊಡ್ಡದು, ಕೊಕ್ಕು ಒಂಚೂರು ದಪ್ಪ. ದೂರದಿಂದ ಆ ಒಂಚೂರನ್ನು ಯಾವನಪ್ಪ ಅಳೆಯುತ್ತಾನೆ? ಕಚೇರಿ ಕೊಟ್ಟ ಹಾಳೆಯಲ್ಲೂ ಎರಡೂ ನಿಂತಿರುವ ಚಿತ್ರಗಳೇ. ಈ ಸಲ ಕಚೇರಿಯಿಂದ ಮೇಡಂ ಒಬ್ಬರು ಬಂದು ಜೊತೆಗೆ ಎಣಿಸುತ್ತಾರೆ, ತಾಳೆಯಾಗದಿದ್ದರೆ ಎಣಿಕೆ ಬೇರೆಯವರಿಗೆ ಎಂದು ಪತ್ರ ಬಂದಿತ್ತು. ಆ ಕೆಲಸ ಹೋದರೆ ನನಗೆ ಉಳಿಯುವುದು ಬರೀ ಲಾಠಿ.

ಅಕ್ಕ ಬದುವಿನ ಮೇಲೆ ಕೂತು ನನ್ನ ಒದ್ದಾಟವನ್ನೆಲ್ಲ ನೋಡಿದಳು. ಅಷ್ಟರಲ್ಲಿ ಗಿಡುಗವೊಂದು ಸುಳಿದು ಹಿಂಡೆಲ್ಲ ಎದ್ದಿತು.

"ಕೂತಾಗ ಏನೋ ನೋಡ್ತೀಯಾ? ಕೈ ಎತ್ತಿದಾಗ ನೋಡು," ಎಂದಳು. "ಕೆಲವಕ್ಕೆ ಕಂಕುಳಲ್ಲಿ ಕಪ್ಪು ತೇಪೆ ಇದೆ ಕಣೋ."

ಇತ್ತು! ಕಪ್ಪು ತೇಪೆಯವು ಇಳಿದ ಮೇಲೆ ದುರ್ಬೀನು ಹಿಡಿದೆ. ದಪ್ಪ ಕೊಕ್ಕು, ಬೂದು ಪ್ಲವರ್. ತೇಪೆಯಿಲ್ಲದವು ಹೊಂಬಣ್ಣದವು. ಇಷ್ಟು ವರ್ಷ ನಾನು ಮಣ್ಣು ತಿಂದೆನೋ ಏನೋ.

ಮೇಡಂ ಬಂದ ದಿನ ಎಣಿಸಿದ್ದು ಅಕ್ಕನೇ. ದೂರಕ್ಕೆ ಅವಳ ಕಣ್ಣು ಈಗಲೂ ಬಲು ಚುರುಕು. ಹಿಂಡು ಮೂರು ಸಲ ಎದ್ದಿತು, ಮೂರು ಸಲವೂ ಬೂದು ಹತ್ತೊಂಬತ್ತು, ಹೊಂಬಣ್ಣ ನಲವತ್ತಾರು ಎಂದಳು. ಮೇಡಂ ಎಣಿಕೆಯೂ ಅದೇ. ಈ ಗುಟ್ಟು ಯಾರು ಹೇಳಿಕೊಟ್ಟರು ಎಂದು ಅವರು ಕೇಳಿದಾಗ, ನಾನೇ ಎಂದು ಎದೆಯುಬ್ಬಿಸುವ ಆಸೆ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಅಕ್ಕನತ್ತ ಕೈ ತೋರಿಸಿದೆ.

ಅವರು ಫಾರಂ ಅಕ್ಕನಿಗೇ ಕೊಟ್ಟರು. ಅಕ್ಕ ಅದನ್ನು ತೋಳಿನಷ್ಟು ದೂರ ಹಿಡಿದು ಓದಿದಳು. ಎಣಿಸಿದವರ ಹೆಸರು, ಬರೆದಳು. ಉದ್ಯೋಗ ಎಂಬಲ್ಲಿ ಪೆನ್ನು ನಿಂತುಬಿಟ್ಟಿತು. ಆಮೇಲೆ ಹಾಳೆ ಹರಿಯುವ ಹಾಗೆ ಒತ್ತಿ ದಪ್ಪಕ್ಷರದಲ್ಲಿ ಬರೆದಳು: ಟೈಲರ್.