ಕೊಡಗಳು ಉಟ್ಟ ಸೀರೆ

ನಮ್ಮೂರು ಶಿಗ್ಲಿಯ ಬಾವಿಯ ನೀರನ್ನು ಗಾಜಿನ ಲೋಟಕ್ಕೆ ತುಂಬಿ ಡಾಕ್ಟರು ಬಿಸಿಲಿಗೆ ಹಿಡಿದರು. ಒಳಗೆ ಬಿಳಿ ಚುಕ್ಕಿಗಳು ಜಿಗಿಯುತ್ತಿದ್ದವು! ಸ್ವಾತಂತ್ರ್ಯ ಬಂದ ಹೊಸದರಲ್ಲಿನ ಮಾತಿದು. ನನ್ನ ಕಾಲಿನಿಂದ ಹೊರಬರುತ್ತ, ಮಗ್ಗ ತುಳಿಯದಂತೆ ಮಾಡಿದ್ದ ನಾರುಹುಳ ಹೊಟ್ಟೆ ಸೇರಿದ್ದು ಆ ಚುಕ್ಕಿಗಳ ಜೊತೆಗಂತೆ.

“ಅರಬಿಯೊಳಗ ಸೋಸಿ ಕುಡೀರಿ” ಅಂದರು. ಓಣಿಯಲ್ಲಿ ಎಲ್ಲರೂ ನೇಕಾರರೇ, ಆದರೆ ಮೈಮೇಲಿನದು ಬಿಟ್ಟರೆ ಬೇರೆ ಬಟ್ಟೆ ಯಾರಲ್ಲೂ ಇರಲಿಲ್ಲ. ಪಕ್ಕದ ಮನೆಯ ಮುದುಕಿ ಬಸವ್ವ ಒಳಗೆ ಹೋಗಿ, ಮಗ್ಗದ ಮೇಲಿದ್ದ ಅರ್ಧ ನೇಯ್ದ ಸೀರೆಯನ್ನೇ ಕತ್ತರಿಸಿ ತಂದಳು. ಮುಗಿಯದ ಸೀರೆಗೆ ಕತ್ತರಿ ಹಾಕುವುದು ನಮ್ಮಲ್ಲಿ ಅಪಶಕುನ. ನಾನು ಗಾಬರಿಯಾದೆ.

“ನೀ ಒಬ್ಬಾವ ಕುಂತದ್ದು ಸಾಲದೇನಲೇ? ಓಣಿ ಮಂದಿ ಎಲ್ಲಾ ಕುಂತರ ಮಗ್ಗ ನಿಮ್ಮಪ್ಪ ತುಳೀತಾನೇನು?” ಅಂದಳು.

ಸಂಜೆಗೆ ಓಣಿಯ ಎಲ್ಲ ಕೊಡಗಳ ಬಾಯಿಗೂ ಅದೇ ಸೀರೆಯ ತುಂಡು. ಎಷ್ಟೋ ಮದುವೆಗಳಿಗೆ ಸೀರೆ ನೇಯ್ದವನು ನಾನು. ಅಷ್ಟು ಚೆಂದ ಉಟ್ಟವರನ್ನು ಮತ್ತೆ ಕಂಡಿಲ್ಲ.