ಕೇಶವಯ್ಯ ಮೇಷ್ಟ್ರು ಚಿತ್ರ ಹರಿಯುತ್ತಿದ್ದ ಕಾಲ

ಕೇಶವಯ್ಯ ಮೇಷ್ಟ್ರು ನಮ್ಮ ಚಿತ್ರ ಹರಿಯುವಾಗ ಅವರ ಮುಖದಲ್ಲಿ ಒಂಚೂರೂ ಕೋಪ ಇರುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ ಹರಿದು, ನಾಲ್ಕು ಚೂರನ್ನೂ ಒಪ್ಪವಾಗಿ ಜೋಡಿಸಿ ನಮ್ಮ ಕೈಗೇ ಕೊಡುತ್ತಿದ್ದರು. ಸಂಗೀತಕ್ಕೆ ಹೆಸರಾದ ರುದ್ರಪಟ್ಟಣ ಅವರ ಊರು. "ನಮ್ಮ ರುದ್ರಪಟ್ಟಣದಲ್ಲಿ ಶ್ರುತಿ ತಪ್ಪಿದ್ರೆ ಹಾಡೋದು ನಿಲ್ಲಿಸ್ತಾರಮ್ಮ. ನೀವು ಗೆರೆ ತಪ್ಪಿದ್ರೂ ಬರೆಯೋದು ಬಿಡಲ್ವಲ್ಲ!" ಅನ್ನುತ್ತಿದ್ದರು.

ಹಾಸನದ ನಮ್ಮ ಚಿತ್ರಕಲಾ ಶಾಲೆಯಲ್ಲಿ ಅವರ ಕೈಲಿ ಹರಿಸಿಕೊಳ್ಳದವರೇ ಇರಲಿಲ್ಲ. ಹಾರುವ ಕಾಗೆಯ ಭಾರ ಎಲ್ಲಿರುತ್ತೆ ಅಂತ ತೋರಿಸಿಕೊಟ್ಟವರೂ ಅವರೇ, ಸುಳ್ಳು ಯಾಕೆ ಹೇಳಲಿ?

ಎರಡು ಸಾವಿರದ ಇಸವಿಯ ಆಚೀಚೆ ಶಾಲೆಯಲ್ಲಿ ಅನಿಮೇಷನ್ ಶುರುವಾಯಿತು. ನಾನು ನುಗ್ಗೇಹಳ್ಳಿಯ ನಮ್ಮಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, ಅವಳು ತಲೆ ಬಾಚಿಕೊಳ್ಳುವುದನ್ನು ತೊಂಬತ್ತು ಹಾಳೆ ಬರೆದಿದ್ದೆ. ಮೇಷ್ಟ್ರು ಹತ್ತತ್ತು ಹಾಳೆ ಹಿಡಿದು ಅಷ್ಟನ್ನೂ ಹರಿದರು.

"ಬೆರಳಿಗೆ ಗೆಣ್ಣೇ ಇಲ್ಲ. ಇನ್ನೊಂದ್ಸಲ ಬರಿ."

"ಬರೆಯೋಕೆ ಅಜ್ಜಿ ಇಲ್ಲ ಸಾರ್. ಹೋದ ತಿಂಗಳು ತೀರಿಕೊಂಡ್ರು."

ಅವರು ಚೂರುಗಳನ್ನು ಒಪ್ಪವಾಗಿ ಜೋಡಿಸಿ ನನ್ನ ಕೈಗಿಟ್ಟು, "ಆದ್ರೂ ಬೆರಳು ತಪ್ಪೇ ಅಲ್ವೇನಮ್ಮ" ಅಂದರು.

ಇರು ಮುದುಕ, ನಿನಗೆ ಮಾಡ್ತೀನಿ ಅಂದುಕೊಂಡೆ. ಎರಡು ತಿಂಗಳು ಯಾರಿಗೂ ತೋರಿಸದೆ ಅವರನ್ನೇ ಬರೆದೆ. ಕನ್ನಡಕ ಮೇಲೆ, ಹಾಳೆ ಎರಡು ಚೂರು, ನಾಲ್ಕು ಚೂರು. ಚೂರುಗಳು ತಾವೇ ಅಂಟಿಕೊಳ್ಳುತ್ತವೆ, ಮೇಷ್ಟ್ರು ಮತ್ತೆ ಹರಿಯುತ್ತಾರೆ. ಅದಕ್ಕೆ ಕೊನೆಯೇ ಇಲ್ಲ.

ಊರಿನ ಆರ್ಟ್ ಗ್ಯಾಲರಿಯಲ್ಲಿ ನಮ್ಮ ಅನಿಮೇಷನ್ ಪ್ರದರ್ಶನ ಇಟ್ಟಾಗ ಅದು ಬಾಗಿಲ ಪಕ್ಕದ ಟೀವಿಯಲ್ಲಿ ಇಡೀ ದಿನ ಓಡಿತು. ಅಲ್ಲೇ ಕುರ್ಚಿ ಹಾಕಿಕೊಂಡು, ಬಂದವರಿಂದ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವುದು ಮೇಷ್ಟ್ರ ಕೆಲಸ. ಜನ ಟೀವಿ ನೋಡುವುದು, ಇವರನ್ನು ನೋಡುವುದು, ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದು. ಹಳೇಕೋಟೆಯಿಂದ ಬಂದಿದ್ದ, ನನ್ನ ಸಹಪಾಠಿಯೊಬ್ಬಳ ಅಪ್ಪನಿಗೆ ಅಷ್ಟೂ ತಾಳ್ಮೆ ಇರಲಿಲ್ಲ. ಆಮಂತ್ರಣ ಪತ್ರಿಕೆಯನ್ನು ಮೇಷ್ಟ್ರ ಮುಂದೆ ಹಿಡಿದೇಬಿಟ್ಟರು.

"ಟೀವೀಲಿರೋರು ನೀವೇ ಅಲ್ವಾ ಸಾ? ಎಂಗೆ ಅರೀತೀರ, ಇದ್ನೊಂದ್ಕಿತ ಅರ್ದು ತೋರ್ಸಿ ಸಾ!"

ಪಾಪ, ಅವರು ನಿಜವಾಗಿ ಆಸೆಪಟ್ಟೇ ಕೇಳಿದ್ದು. ಹಾಲ್‌ ತುಂಬ ನಗು. ಮೇಷ್ಟ್ರು ಆ ಪತ್ರಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಗುಂಪಿನಲ್ಲಿ ನನ್ನನ್ನು ಹುಡುಕಿ ನೋಡಿದರು. ಅವರಿಗೆ ಕೇಳಲಿ ಅಂತಲೇ ನಾನು ಜೋರಾಗಿ ನಕ್ಕೆ. ಎಂಥ ಸುಖ ಅಂತೀರಿ! ಇವತ್ತಿಗೂ ಅದಕ್ಕೆ ನನಗೆ ನಾಚಿಕೆಯಿಲ್ಲ.

ಆಮೇಲೆ ಅವರು ಯಾರ ಚಿತ್ರವನ್ನೂ ಹರಿಯಲಿಲ್ಲ. ಎಲ್ಲರ ಹಾಳೆಯ ಕೆಳಗೂ 'ಚೆನ್ನಾಗಿದೆ' ಅಂತ ಬರೆದು ಮುಂದಕ್ಕೆ ಹೋಗುತ್ತಿದ್ದರು. ಕಿರಿಯರಿಗೆ ಖುಷಿಯೋ ಖುಷಿ.

ಐದಾರು ವರ್ಷದ ಮೇಲೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ನಿವೃತ್ತರಾಗಿದ್ದರು. ನಾನು ಅನಿಮೇಷನ್ ಕೆಲಸದಲ್ಲಿದ್ದೆ. ಒಂದು ಕುದುರೆಯ ಓಟ ಎಲ್ಲೋ ಎಡವುತ್ತಿತ್ತು. ವಾರದಿಂದ ತಲೆ ಚಚ್ಚಿಕೊಂಡರೂ ನನಗೆ ಸಿಕ್ಕಿರಲಿಲ್ಲ, ಜೊತೆಯವರಿಗೂ ಸಿಕ್ಕಿರಲಿಲ್ಲ. ಮಾನ ಬಿಟ್ಟು ಚೀಲದಲ್ಲಿದ್ದ ಹಾಳೆಗಳನ್ನು ಅವರ ತೊಡೆಯ ಮೇಲಿಟ್ಟೆ.

"ಎಲ್ಲಿ ತಪ್ಪಿದೆ, ನೀವೇ ಹೇಳಿ ಸಾರ್."

ಒಂದೊಂದೇ ಹಾಳೆ ತಿರುವಿದರು. ನಡುವೆ ಎಲ್ಲೋ ಅವರ ಬೆರಳು ಗಕ್ಕನೆ ನಿಂತಿತು. ನಾನು ಬಗ್ಗಿ ನೋಡಿದೆ. ಬೆರಳು ಮುಂದಕ್ಕೆ ಸರಿಯಿತು. ಹಾಳೆಗಳ ಅಂಚು ಸರಿಮಾಡಿ ನನ್ನ ಕೈಗಿಟ್ಟರು.

"ತುಂಬಾ ಚೆನ್ನಾಗಿದೆ ಕಣಮ್ಮ."

ಹೊಳೆನರಸೀಪುರದ ಬಸ್ಸು ಹತ್ತಿದರು. ಅದು ಹೊರಟಾಗ ಕಿಟಕಿಯಿಂದ ನನ್ನನ್ನೇ ನೋಡಿ ನಕ್ಕರು. ಮತ್ತೆ ಅವರು ಸಿಗಲಿಲ್ಲ. ಎಲ್ಲಿ ತಪ್ಪಿತ್ತು ಅಂತ ಅವರಿಗೆ ಗೊತ್ತಿತ್ತು.