ಹತ್ತನೆಯ ಚೂರು

ಅವರ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಬೀದಿಯಲ್ಲಿ ಯಾವ ನಾಯಿ ಸಿಕ್ಕರೂ ಕುಕ್ಕರುಗಾಲಲ್ಲಿ ಕೂತು, ಕಿವಿ ಮಡಿಚಿ, ಆ ಉಗುರಿನಿಂದ ಉಣ್ಣಿ ಕಿತ್ತು ಸೋಪಿನ ನೀರಿನ ಬಾಟಲಿಗೆ ಹಾಕುತ್ತಿದ್ದರು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಅರಸೀಕೆರೆಯಲ್ಲಿ ನಮ್ಮ ಎದುರುಮನೆಯವರು.

ಉಣ್ಣಿಗಾಗಲಿ ಇಲಿಗಾಗಲಿ ಅವರು ಹೇಳುವುದೆಲ್ಲ ನಿಧಾನದ ಕೆಲಸ. ಬೆಕ್ಕು ತಿಂದ ತಟ್ಟೆ ಕೂಡಲೇ ಎತ್ತಬೇಕು, ಅದು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಗೋಡೆಯ ಬಿಲಕ್ಕೆ ಸಿಮೆಂಟು ಮೆತ್ತಬೇಕು. ನನಗೋ ನಿಂತಲ್ಲಿ ನಿಲ್ಲದ ಸ್ವಭಾವ. ಇಷ್ಟೆಲ್ಲ ಮಾಡುವಷ್ಟರಲ್ಲಿ ಇಲಿಗೆ ಮೊಮ್ಮಕ್ಕಳಾಗಿರುತ್ತವೆ ಎಂದು ನಗುತ್ತಿದ್ದೆ.

ಆ ವರ್ಷ ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ್ದ ತೆಂಗಿನಕಾಯಿಗೆ ಇಲಿ ಬಿದ್ದವು. ನಮ್ಮ ಕಡೆ ಅಟ್ಟಕ್ಕೇರಿದ ಕಾಯನ್ನು, ಒಳಗಿನ ನೀರು ಆರಿ ಕೊಬ್ಬರಿಯಾಗುವವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಯಾರೂ ಅಲುಗಿಸುವಂತಿಲ್ಲ. ಅತ್ತೆ ಅಲ್ಲಿಗೆ ಏಣಿ ಹಾಕಲೂ ಬಿಡುತ್ತಿರಲಿಲ್ಲ. ಇಲಿಗಳ ಸದ್ದಿಗೆ ನನ್ನ ತಲೆ ಕೆಟ್ಟುಹೋಯಿತು. ಅಂಗಡಿಯಿಂದ ಇಲಿ ಪಾಷಾಣ ತಂದು, ಕೊಬ್ಬರಿ ಚೂರುಗಳಿಗೆ ಮೆತ್ತಿ, ಕೆಳಗಿನಿಂದಲೇ ಕಾಯಿಗಳ ಸಂದಿಗೆ ಎಸೆದುಬಿಟ್ಟೆ. ಎದುರುಮನೆಯವರು ಮೊದಲೇ ಎಚ್ಚರಿಸಿದ್ದರು: “ವಿಷ ಇಲಿ ಹೊಟ್ಟೇಲೇ ನಿಲ್ಲಲ್ಲ ಕಣಮ್ಮ.”

ನಾಲ್ಕನೆಯ ದಿನ ನಮ್ಮ ಬೆಕ್ಕು ಚಿನ್ನಿ ಅಟ್ಟದಿಂದಿಳಿದು ಮೂಲೆ ಸೇರಿತು. ವಸಡಿನಲ್ಲಿ ರಕ್ತ. ಅವರನ್ನು ಕೂಗಿ ಪಾಷಾಣದ ಪೊಟ್ಟಣ ತೋರಿಸಿದೆ. ಒಂದು ಮಾತೂ ಬೈಯದೆ, ಚಿನ್ನಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಆಟೊ ಹತ್ತಿದರು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಉಳಿದರೂ ಉಳಿಯಬಹುದು ಎಂದರಂತೆ. ವಾಪಸು ಬಂದವರೇ ಪಂಚೆ ಎತ್ತಿ ಕಟ್ಟಿ ಏಣಿ ಹಾಕಿದರು.

“ಎಷ್ಟ್ ಚೂರು ಎಸ್ದೆ?”

ಅತ್ತೆ ಅಲ್ಲೇ ನಿಂತಿದ್ದರು. ಎಣಿಸಿರಲಿಲ್ಲ ಎನ್ನಲು ನಾಚಿಕೆಯಾಗಿ, ಹತ್ತು ಎಂದೆ.

ಕಾಯಿ ಕೆಟ್ಟುಹೋಗುತ್ತವೆ ಎಂದು ಅತ್ತೆ ಗೋಗರೆದರು. “ಮುಂದಿನ್ ವರ್ಸನೂ ಮರ ಕಾಯಿ ಬಿಡ್ತದೆ ಕಣವ್ವ” ಎಂದವರು ಒಂದೊಂದೇ ಕಾಯಿ ಕೆಳಗಿಳಿಸಿದರು. ಸಂಜೆಯ ಹೊತ್ತಿಗೆ, ಇಲಿ ಕಡಿದಿದ್ದವೂ ಸೇರಿ, ಒಂಬತ್ತು ಚೂರು ಸಿಕ್ಕವು. ಹತ್ತನೆಯದಕ್ಕೆ ತೊಲೆಯ ಸಂದಿಗೆಲ್ಲ ಕೈ ಹಾಕಿ ತರಚಿಕೊಂಡರು. ಆ ವರ್ಷದ ಕೊಬ್ಬರಿ ಅರ್ಧಕ್ಕರ್ಧ ಕೊಳೆಯಿತು, ಚಿನ್ನಿ ಉಳಿಯಿತು.

ಚಿನ್ನಿ ಮತ್ತೆ ಹತ್ತದಂತೆ ಅಟ್ಟದ ಬಾಯಿಗೆ ಅವರೇ ತೆರೆಯಲು ಬರುವ ಜಾಲರಿ ಕೂರಿಸಿಕೊಟ್ಟರು. ಆದರೂ ಸಮಾಧಾನವಿಲ್ಲ. ದಿನವೂ ಬೆಳಗ್ಗೆ ನಮ್ಮ ಗೇಟಿನ ಬಳಿ ನಿಂತು, ಹತ್ತನೆಯದು ಸಿಕ್ಕಿತೇ ಎಂದು ಕೇಳುತ್ತಿದ್ದರು. ಎರಡು ವರ್ಷ ಕೇಳಿದರು. ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದೆ. ಆದರೆ ಎಣಿಸದೆ ಎಸೆದದ್ದು ಒಂಬತ್ತೇ ಇರಬಹುದು, ಹನ್ನೆರಡೂ ಇರಬಹುದು. ನನ್ನ ಸುಳ್ಳಿಗಿಂತ ಈ ನಿಜಕ್ಕೇ ನಾನು ಹೆಚ್ಚು ಹೆದರುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ನೋಡಲು ಹೋದವಳು, ಅವರು ಕೇಳುವ ಮೊದಲೇ ಸಿಕ್ಕಿತು ಸಾರ್ ಎಂದುಬಿಟ್ಟೆ. ಸೊರಗಿದ ಮುಖ ಅರಳಿತು.

“ಎಲ್ಲಿತ್ತಮ್ಮ?”

ಜಾರದಿದ್ದ ಅವರ ಹೊದಿಕೆಯನ್ನೇ ಎಳೆದು ಸರಿಮಾಡತೊಡಗಿದೆ. ಅವರು ಆ ಉದ್ದ ಉಗುರಿನ ಕೈಯಿಂದ ನನ್ನ ಕೈ ತಟ್ಟಿದರು.

“ಹುಡುಕ್ತಾ ಇರು.”

ಅದಾದ ಮೂರನೆಯ ದಿನ ತೀರಿಕೊಂಡರು. ಈಗಲೂ ಬೆಳಗ್ಗೆ, ಅವರು ಗೇಟಿಗೆ ಬರುತ್ತಿದ್ದ ಹೊತ್ತಿಗೆ, ಜಾಲರಿ ತೆಗೆದು ಅಟ್ಟ ಹತ್ತುತ್ತೇನೆ. ಚಿನ್ನಿ ಏಣಿಯ ಬುಡದಲ್ಲಿ ಕೂತು ಕಾಯುತ್ತದೆ.